ಸೈಕಲ್ ಸಾವಿರದ ಇನ್ನೂರು

ಹೋದ ಭಾನುವಾರ ನನಗೆ ಮೂರು ಕೆಲಸ ಇದ್ದವು. ಫ್ಯಾನ್ ಒರೆಸುವುದು, ತೆಂಗಿನಕಾಯಿ ಸುಲಿಯುವುದು, ಮೆಟ್ಟಿಲ ಕೆಳಗೆ ಎರಡು ವರ್ಷದಿಂದ ದೂಳು ತಿನ್ನುತ್ತಿರುವ ಮಗನ ಸೈಕಲ್ಲಿಗೆ ಒಂದು ಗತಿ ಕಾಣಿಸುವುದು. ಮೂರನ್ನೂ ಬಿಟ್ಟು ನಾನು ಹಾವು ಆಡಿಸಲು ಕೂತೆ.

ಹಾವಿನ ಹೆಸರು ಸ್ಯಾಮಿ. ಆಟದ ಹೆಸರು ನಿಬಲ್ಸ್. 1991ರಲ್ಲಿ ಕಂಪ್ಯೂಟರ್ ನಡೆಸುವ ಎಂಎಸ್-ಡಾಸ್ 5 ಅನ್ನುವ ಸಾಫ್ಟ್‌ವೇರಿನ ಜೊತೆ, ಪ್ರೋಗ್ರಾಂ ಬರೆಯಲು ಕ್ಯೂಬೇಸಿಕ್ ಬಂತಲ್ಲ, ಅದರ ಜೊತೆ ಪುಕ್ಕಟೆ ಸಿಕ್ಕ ಆಟ. ಎರಡು ಗೊರಿಲ್ಲಾಗಳು ಬಾಳೆಹಣ್ಣು ಎಸೆದಾಡುವ ಇನ್ನೊಂದು ಆಟವೂ ಪಕ್ಕದಲ್ಲೇ ಇತ್ತು. ಸ್ಯಾಮಿ 1ರಿಂದ 9ರವರೆಗಿನ ಅಂಕಿಗಳನ್ನು ನುಂಗುತ್ತಾ ಉದ್ದ ಆಗಬೇಕು, ಗೋಡೆಗೆ ತಾಗಬಾರದು. ಹಾಸನದ ಕಂಪ್ಯೂಟರ್ ಕ್ಲಾಸಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನಕ್ಕೆ ಹೋದ ಹಾಗೆ ಒಳಗೆ ಹೋಗಿ, ಮೇಷ್ಟ್ರು ಟೀ ಕುಡಿಯಲು ಎದ್ದ ತಕ್ಷಣ ನಾವು ತೆರೆಯುತ್ತಿದ್ದದ್ದು ಇದನ್ನೇ. ಅಲ್ಲಿನ 386 ಕಂಪ್ಯೂಟರಿಗೆ ಟರ್ಬೊ ಅಂತ ಒಂದು ಬಟನ್ ಇತ್ತು. ಹೆಸರು ಟರ್ಬೊ, ಅಸಲಿ ಉಪಯೋಗ ಮಾತ್ರ ಹಳೇ ಆಟಗಳಿಗಾಗಿ ಕಂಪ್ಯೂಟರನ್ನು ನಿಧಾನ ಮಾಡುವುದು!

ಈಗಿನ ಲ್ಯಾಪ್‌ಟಾಪಿಗೆ ಆ ಬಟನ್ ಇಲ್ಲ. ಅದಕ್ಕೇ ಡಾಸ್‌ಬಾಕ್ಸ್ ಹಾಕಿಕೊಂಡೆ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೇ ಕಂಪ್ಯೂಟರ್ ಇರುವಂತೆ ನಟಿಸುವ ಸಾಫ್ಟ್‌ವೇರ್ ಅದು. ಅದರ ಸೆಟ್ಟಿಂಗ್ ಫೈಲಿನಲ್ಲಿ 'ಸೈಕಲ್ಸ್' ಅಂತ ಒಂದು ಸಾಲಿದೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಈ ನಕಲಿ ಕಂಪ್ಯೂಟರ್ ಎಷ್ಟು ಆಜ್ಞೆ ಪಾಲಿಸಬೇಕು ಅನ್ನುವ ಲೆಕ್ಕ. ಸಾಮಾನ್ಯವಾಗಿ ಹಳೇ ಆಟಗಳಿಗೆ ಅದು ತಾನಾಗಿ 3000 ಇಟ್ಟುಕೊಳ್ಳುತ್ತದೆ. ಇಷ್ಟು ದುಡ್ಡು ಕೊಟ್ಟು ತಂದ ಲ್ಯಾಪ್‌ಟಾಪ್, ಬರೀ ಮೂರು ಸಾವಿರವಾ? 'ಮ್ಯಾಕ್ಸ್' ಅಂತ ಬರೆದೆ.

ಆಟ ಶುರುವಾಗುವ ಮೊದಲು ನಿಬಲ್ಸ್ ಸಂದರ್ಶನ ಮಾಡುತ್ತದೆ. ಎಷ್ಟು ಜನ ಆಡ್ತೀರಿ? ಎಷ್ಟು ಪಳಗಿದ್ದೀರಿ, 1ರಿಂದ 100ರೊಳಗೆ ಹೇಳಿ. ಮಾನಿಟರ್ ಬಣ್ಣದ್ದೋ, ಕಪ್ಪು-ಬಿಳುಪೋ? ಎಲ್ಲಕ್ಕೂ ವಿನಯದಿಂದ ಉತ್ತರಿಸಿ ಎಂಟರ್ ಒತ್ತಿದೆ. 'ಡಿವಿಷನ್ ಬೈ ಜೀರೊ' ಅಂತ ಡಬ್ಬಿ ಬಂತು. ಹಾವಿನ ಬಾಲವೂ ಕಾಣಲಿಲ್ಲ.

ತಪ್ಪು ಎಲ್ಲಿದೆ ಅಂತ ಆಟದ ಕೋಡೇ ತೋರಿಸಿತು. ಆಟ ಬರೆದ ಪುಣ್ಯಾತ್ಮರು ಏನು ಮಾಡಿದ್ದಾರೆ ಅಂದರೆ, ಕಂಪ್ಯೂಟರಿಗೆ ಸುಮ್ನೆ ಒಂದರಿಂದ ಸಾವಿರದವರೆಗೆ ಎಣಿಸಲು ಹೇಳುತ್ತಾರೆ. ಎಷ್ಟು ಹೊತ್ತು ಹಿಡಿಯಿತೋ ಅದರಿಂದ ಭಾಗಿಸಿ ಹಾವಿನ ವೇಗ ಗೊತ್ತು ಮಾಡುತ್ತಾರೆ. ಆಗಿನ ಗಡಿಯಾರ ಸೆಕೆಂಡಿಗೆ ಸುಮಾರು 18 ಸಲ ಮಾತ್ರ ಟಿಕ್ ಅನ್ನುತ್ತದೆ. ನನ್ನ ಲ್ಯಾಪ್‌ಟಾಪ್ ಒಂದು ಟಿಕ್ಕಿಗೂ ಇನ್ನೊಂದಕ್ಕೂ ನಡುವೆಯೇ ಸಾವಿರ ಎಣಿಸಿ ಕೈಕಟ್ಟಿ ನಿಂತಿತ್ತು. ಹಿಡಿದ ಹೊತ್ತು ಸೊನ್ನೆ. ಸೊನ್ನೆಯಿಂದ ಭಾಗಿಸಬಾರದು ಅಂತ ಹೈಸ್ಕೂಲಿನಲ್ಲಿ ಮೊಟಕಿಸಿಕೊಂಡು ಕಲಿತವನು ನಾನು, ಕಂಪ್ಯೂಟರನ್ನು ಏನಂತ ಬೈಯಲಿ?

'ಮ್ಯಾಕ್ಸ್' ಅಳಿಸಿ ಮತ್ತೆ ಮೂರು ಸಾವಿರವೇ ಇಟ್ಟೆ. ಡಾಸ್‌ಬಾಕ್ಸಿನಲ್ಲಿ ವೇಗ ಇಳಿಸಲು ಕಂಟ್ರೋಲ್ ಜೊತೆ ಎಫ್11, ಏರಿಸಲು ಎಫ್12. ಆದರೆ ನನ್ನ ಕೀಬೋರ್ಡಿನಲ್ಲಿ ಇನ್ನೊಂದು ಕೀ ಸೇರಿಸಿ ಒತ್ತದಿದ್ದರೆ ಅವು ವಾಲ್ಯೂಮ್ ಕೀಗಳು. ವೇಗ ಏರಿಸಿದೆ ಅಂದುಕೊಂಡು ಎಂಟು ಸಲ ವಾಲ್ಯೂಮ್ ಏರಿಸಿದ್ದೆ. ಸ್ಯಾಮಿ ಮೊದಲ ಅಂಕಿ ನುಂಗಿದಾಗ ಬಂದ 'ಕೀಂಯ್' ಸದ್ದಿಗೆ ಮಗ ಎದ್ದು ಬಂದ. ಪರದೆ ನೋಡಿದ.

"ಅಪ್ಪಾ, ಇದು ಗೇಮಾ? ಇನ್ನೂ ಲೋಡ್ ಆಗ್ತಾ ಇದೆಯಾ?"

ಉತ್ತರ ಕೊಡುವ ಆತುರದಲ್ಲಿ ಎಫ್11 ಬದಲು ಎಫ್9 ಒತ್ತಿದೆ. ಕಂಟ್ರೋಲ್ ಎಫ್9 ಒತ್ತಿದರೆ ಡಾಸ್‌ಬಾಕ್ಸ್ ಒಂದು ಮಾತೂ ಕೇಳದೆ ಬಾಗಿಲು ಹಾಕಿಕೊಂಡು ಹೋಗುತ್ತದೆ. ಇಂಥ ಕೀಯನ್ನು ಅಲ್ಲಿ ಇಟ್ಟವರಿಗೆ ಏನು ಅವಸರವಿತ್ತೋ. ಮತ್ತೆ ಆಟದ ಫೋಲ್ಡರ್ ಎಲ್ಲಿದೆ ಅಂತ ಡಾಸ್‌ಬಾಕ್ಸಿಗೆ ತೋರಿಸು, ಮತ್ತೆ ಕ್ಯೂಬೇಸಿಕ್ ತೆರೆ, ಮತ್ತೆ ಸಂದರ್ಶನಕ್ಕೆ ಕೂತುಕೋ.

ಮಧ್ಯಾಹ್ನದ ಹೊತ್ತಿಗೆ ಸೋತು, ಹಾಸನದಲ್ಲಿ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ ಗೆಳೆಯನಿಗೆ ಫೋನ್ ಮಾಡಿದೆ.

"ಲೋ, ಸೈಕಲ್ ಮೂರು ಸಾವಿರ ಇಟ್ಟಿದ್ದೆ ಕಣೋ, ಜಾಸ್ತಿ ಆಯ್ತು. ಒಂದೊಂದು ಸಲ ನಡೆಯುತ್ತೆ, ಒಂದೊಂದು ಸಲ ಬಿದ್ದೋಗುತ್ತೆ."

"ಇಳಿಸೋ. ಮುನ್ನೂರಕ್ಕೆ ನೋಡು."

"ಮುನ್ನೂರು ತೀರಾ ಕಮ್ಮಿ ಆಗಲ್ವಾ? ತೆವಳುತ್ತೆ ಅದು."

"ಹಂಗಾದ್ರೆ ಮಧ್ಯದಲ್ಲಿ ಎಲ್ಲಾದ್ರೂ ನಿಲ್ಲಿಸು."

"ಸರಿ, ಸಾವಿರದ ಇನ್ನೂರು. ಇನ್ನು ಒಂದು ಕಾಸೂ ಇಳಿಸಲ್ಲ."

ಸಾವಿರದ ಇನ್ನೂರಕ್ಕೆ ಸ್ಯಾಮಿ ಪಳಗಿತು. ಥೇಟ್ ಹಾಸನದ ವೇಗ. ತಿರುವಿನಲ್ಲಿ ಅದೇ ಸಣ್ಣ ತಡವರಿಕೆ, ನುಂಗಿದಾಗ ಅದೇ ಸದ್ದು. ಮೇಷ್ಟ್ರು ಬಂದರಾ ಅಂತ ಒಮ್ಮೆ ಹಿಂತಿರುಗಿಯೂ ನೋಡಿದೆ. ಸಂಜೆ ಐದರ ಹೊತ್ತಿಗೆ ಮೂರನೇ ಹಂತ, ಐದು ಜೀವದಲ್ಲಿ ನಾಲ್ಕು ಬಾಕಿ, ಮುಂದೆ 7 ಅನ್ನುವ ಅಂಕಿ. ಆಗಲೇ ಕಾಲಿಂಗ್ ಬೆಲ್ ಆಯಿತು.

"ರೀ, ಇಸ್ತ್ರಿ ಅಂಗಡಿಯವರು ಬಂದಿದಾರೆ. ಸ್ವಲ್ಪ ಬನ್ನಿ."

ಬಟ್ಟೆ ತಂದಿರಬೇಕು ಅಂತ ಎದ್ದೆ. ಪಿ ಒತ್ತಿದರೆ ಆಟ ನಿಲ್ಲುತ್ತದೆ ಅನ್ನುವುದು ಬಾಗಿಲ ಹತ್ತಿರ ಹೋದ ಮೇಲೆ ನೆನಪಾಯಿತು. ಅವರ ಕೈಯಲ್ಲಿ ಬಟ್ಟೆ ಇರಲಿಲ್ಲ.

"ಸಾರ್, ಸೈಕಲ್ ಸಾವಿರದ ಇನ್ನೂರಕ್ಕೆ ಕೊಡ್ತೀರಂತೆ. ಅಮ್ಮಾವ್ರು ಹೇಳಿದ್ರು."

ಹೆಂಡತಿಯ ಮುಖ ನೋಡಿದೆ. "ನೀವೇ ಫೋನಲ್ಲಿ ಅಷ್ಟು ಚೌಕಾಸಿ ಮಾಡ್ತಿದ್ರಲ್ಲ," ಅಂದಳು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಬಗ್ಗೆ ಅವಳಿಗೆ ಮೆಚ್ಚುಗೆ ಹುಟ್ಟಿದ ಹಾಗಿತ್ತು. ನಾನು ತಿದ್ದಲು ಹೋಗಲಿಲ್ಲ.

"ಚೈನ್ ತುಕ್ಕು ಹಿಡಿದಿದೆ ಸಾರ್. ಸಾವಿರ ಮಾಡ್ಕೊಳ್ಳಿ."

ಮಾಡಿಕೊಂಡೆ. ಒಳಗಿನಿಂದ ಮಗ ಕೂಗಿದ, "ಅಪ್ಪಾ, ನಿಮ್ಮ ಸ್ಯಾಮಿ ಸತ್ತೋಯ್ತು. ಸ್ಪೇಸ್ ಒತ್ತಬೇಕಂತೆ, ಒತ್ತಲಾ?"