ಇಂಜಿನ್ನಿಗೂ ಒಂದು ಊರಿದೆ

ಶನಿವಾರ ಬೆಳಗ್ಗೆ ಯಾರ್ಕ್ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಗೆ ಹೋದರೆ ಅಲ್ಲಿ ನಾಲ್ಕಾರು ಜನ ಇದ್ದೇ ಇರುತ್ತಾರೆ. ಫ್ಲಾಸ್ಕಿನಲ್ಲಿ ಚಹಾ, ಕತ್ತಿನಲ್ಲಿ ಕ್ಯಾಮೆರಾ, ಕೈಯಲ್ಲಿ ಒಂದು ಚಿಕ್ಕ ಪುಸ್ತಕ. ಹೆಚ್ಚಿನವರು ಅರವತ್ತು ದಾಟಿದವರು. ಬರುವ ಇಂಜಿನ್‌ಗಳ ನಂಬರ್ ಬರೆದುಕೊಳ್ಳಲು ಬಂದವರು. ನಾನು ಅರಸೀಕೆರೆ ಜಂಕ್ಷನ್ನಿನಲ್ಲಿ ಇಂಜಿನ್ ನೋಡುತ್ತಾ ಬೆಳೆದವನು. ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಇವರನ್ನು ಕಂಡು ನೆಂಟರ ಮನೆ ಸಿಕ್ಕಷ್ಟು ಖುಷಿಯಾಗಿತ್ತು.

ಪಕ್ಕದಲ್ಲಿ ನಿಂತು ನೋಡುತ್ತಾ ಹೋದ ಮೇಲೆ ಗೊತ್ತಾಯಿತು, ಅವರ ಖುಷಿ ಒಂದು ಥರ, ನಮ್ಮದು ಇನ್ನೊಂದು ಥರ.

ಇಲ್ಲಿ ಈ ಹವ್ಯಾಸ ಮನೆಮನೆಗೆ ಹಬ್ಬಿದ್ದು ಇಯಾನ್ ಅಲನ್ ಅವರಿಂದ. ಲಂಡನ್ನಿನ ವಾಟರ್‌ಲೂನಲ್ಲಿ ಸದರ್ನ್ ರೈಲ್ವೆಯ ಕಚೇರಿಯಲ್ಲಿ ಕೆಲಸಕ್ಕಿದ್ದ ಹುಡುಗ ಅವರು. 1942ರಲ್ಲಿ ಆ ರೈಲ್ವೆಯ ಇಂಜಿನ್‌ಗಳ ನಂಬರ್ ಪಟ್ಟಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ನೋಡಿದ ನಂಬರಿನ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆಯುವುದು, ಅಷ್ಟೇ ಆಟ. ಮೊದಲ ಸಲ ಸಿಕ್ಕಿದ ಇಂಜಿನ್ನಿಗೆ 'ಕಾಪ್' ಅನ್ನುತ್ತಾರೆ. ಒಮ್ಮೆ ಒಬ್ಬ ಹಿರಿಯರು ತಮ್ಮ ಹಳೆಯ ಪುಸ್ತಕ ತೆಗೆದು ಕ್ಲಾಸ್ 37ರ ಪುಟಗಳನ್ನು ತೋರಿಸಿದರು. 1960ರಿಂದ 1965ರವರೆಗೆ ಕಟ್ಟಿದ ಡೀಸೆಲ್‌ಗಳು, ಒಟ್ಟು 309. ಸಾಲಿಗೆ ಸಾಲು ನೀಲಿ ಶಾಯಿಯ ಗೆರೆ. ಒಂದು ಕಡೆ ಮಾತ್ರ ಗೆರೆ ಇರಲಿಲ್ಲ. ಅವರು ನೋಡುವ ಮೊದಲೇ ಆ ಇಂಜಿನ್ ಗುಜರಿಗೆ ಹೋಗಿತ್ತು. ಆ ನಂಬರಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ನನಗೂ ಏನು ಹೇಳಬೇಕೋ ತೋಚಲಿಲ್ಲ.

ನಮ್ಮಲ್ಲಿ ಪುಟ ತುಂಬಿಸುವ ಮಾತೇ ಇಲ್ಲ. ಹತ್ತು ಸಾವಿರಕ್ಕೂ ಜಾಸ್ತಿ ಇಂಜಿನ್‌ಗಳು ಓಡುವ ದೇಶ, ಎಷ್ಟಂತ ನೋಡುವುದು? ನಾವು ಇಂಜಿನ್ನನ್ನು ಕೇಳುವುದು ಬೇರೆಯೇ ಪ್ರಶ್ನೆ. ಹೊಸಬರು ಸಿಕ್ಕರೆ ಮೊದಲು ಏನು ಕೇಳುತ್ತೇವೆ? 'ಯಾವೂರು ನಿಮ್ದು?' ಇಂಜಿನ್ನಿಗೂ ಅದನ್ನೇ ಕೇಳುತ್ತೇವೆ. ಪ್ರತಿ ಇಂಜಿನ್ನಿನ ಮೈಮೇಲೆ ಅದರ ಶೆಡ್ಡಿನ, ಅಂದರೆ ಅದನ್ನು ಇಟ್ಟು ರಿಪೇರಿ ಮಾಡಿ ನೋಡಿಕೊಳ್ಳುವ ಜಾಗದ, ಹೆಸರು ಬರೆದಿರುತ್ತದೆ. ಹುಬ್ಬಳ್ಳಿ, ಕೃಷ್ಣರಾಜಪುರಂ, ಗೂಟಿ, ಈರೋಡ್. ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬಂದದ್ದೇ ಇವುಗಳಿಂದ. ಸೋದರಮಾವ ಪ್ಲಾಟ್‌ಫಾರಂ ಮೇಲೆ ಕೈ ಹಿಡಿದುಕೊಂಡು ನಿಲ್ಲಿಸುತ್ತಿದ್ದರು. "ಏನು ಬರೆದಿದೆ ನೋಡೋ?" "ಹುಬ್ಬಳ್ಳಿ, ಮಾವ." "ಹಂಗಾದ್ರೆ ನಮ್ಮ ಇಂಜಿನ್ ಕಣೋ."

ಯಾವ ಗಾಡಿಗೆ ಯಾವ ಶೆಡ್ಡಿನ ಇಂಜಿನ್ ಅಂತ ಮೊದಲೇ ಗೊತ್ತಾಗಿರುತ್ತದೆ. ಅದಕ್ಕೆ 'ಲಿಂಕ್' ಅನ್ನುತ್ತಾರೆ. ಬೇರೆ ಯಾವುದೋ ಊರಿನದು ಬಂದುಬಿಟ್ಟರೆ 'ಆಫ್‌ಲಿಂಕ್'. ಅವತ್ತು ಹಬ್ಬ. ಹೋದ ವರ್ಷ ಅಕ್ಕನ ಮಗ ಬೆಳಗಿನ ಜಾವ ಫೋನ್ ಮಾಡಿ, "ಮಾವ, ಘಾಜಿಯಾಬಾದ್ ಇಂಜಿನ್ ಅರಸೀಕೆರೆಗೆ ಬಂದಿದೆ!" ಅಂತ ಕೂಗಿದ. ಉತ್ತರದಿಂದ ಇಷ್ಟು ದೂರ ಬಂದ ಆ ಇಂಜಿನ್ನಿನ ಫೋಟೋವನ್ನು ನಾನು ಅವತ್ತು ಎಷ್ಟು ಸಲ ತೆಗೆದು ನೋಡಿದೆನೋ. ನಂಬರ್ ಗಮನಿಸಲೇ ಇಲ್ಲ.

ಆದರೆ ಫೋಟೋ ವಿಷಯಕ್ಕೆ ಬಂದರೆ ನಾವು ಇಲ್ಲಿಂದ ಕಲಿಯಬೇಕು. ಇಲ್ಲಿ ಸ್ಟೇಷನ್ ಸಿಬ್ಬಂದಿಗೆ ಒಂದು ಮಾತು ಹೇಳಿ ನಿಂತರೆ ಸಾಕು. ಫ್ಲ್ಯಾಷ್ ಹಾಕಬಾರದು, ಹಳದಿ ಗೆರೆ ದಾಟಬಾರದು. ಇಂಥ ನಿಯಮಗಳನ್ನು ಬರೆದೇ ಇಟ್ಟಿದ್ದಾರೆ. ಎಲ್ಲರಿಗೂ ಗೊತ್ತು, ಎಲ್ಲರೂ ಪಾಲಿಸುತ್ತಾರೆ. ಊರಿಗೆ ಹೋಗಿದ್ದಾಗ ಒಂದು ಸ್ಟೇಷನ್ನಿನಲ್ಲಿ ನಿಂತಿದ್ದ ಇಂಜಿನ್ನಿನ ಫೋಟೋ ತೆಗೆದೆ. ಕಾವಲಿನವರೊಬ್ಬರು ಬಂದು, ಎಲ್ಲ ಫೋಟೋ ಅಳಿಸುವವರೆಗೂ ಬಿಡಲಿಲ್ಲ. ಅಲ್ಲೇ ಪಕ್ಕದಲ್ಲಿ ಹುಡುಗರು ಹಳಿ ಮೇಲೆ ಇಳಿದು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ತಡೆಯಬೇಕಾದದ್ದು ಅದನ್ನು, ಅಲ್ವಾ? ಹಳದಿ ಗೆರೆಯ ಹಿಂದೆ ನಿಂತವನಿಗೆ ಕ್ಯಾಮೆರಾ ಹಿಡಿಯಲು ಬಿಡಿ, ಗೆರೆ ದಾಟಿದವನಿಗೆ ದಂಡ ಹಾಕಿ. ಇಂಜಿನ್ ಪ್ರೀತಿಸುವವರು ಸ್ಟೇಷನ್ನಿಗೆ ಇನ್ನೆರಡು ಕಣ್ಣು ಇದ್ದ ಹಾಗೆ.

ಫೋಟೋ ತೆಗೆದಿಡುವ ತುರ್ತು ಇರುವುದೂ ನಮ್ಮಲ್ಲೇ. ಬ್ರಾಡ್‌ಗೇಜ್‌ನ ಬಹುತೇಕ ದಾರಿಗೆ ಈಗ ಕರೆಂಟ್ ತಂತಿ ಬಂದಾಗಿದೆ. ಕಪ್ಪು ಹೊಗೆ ಕಾರುತ್ತಾ ಹೊರಡುತ್ತಿದ್ದ ಹಳೆಯ ಆಲ್ಕೋ ಡೀಸೆಲ್ ಇಂಜಿನ್‌ಗಳು ಕಣ್ಣೆದುರೇ ಮರೆಯಾಗುತ್ತಿವೆ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಘಾಟಿಯಲ್ಲಿ 57 ಸುರಂಗ, ಐವತ್ತು ಅಡಿಗೆ ಒಂದು ಅಡಿ ಏರು. ಒಂದು ಮಳೆಗಾಲ ಘಾಟಿ ಹತ್ತುವ ಗಾಡಿಯಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಯಡಕುಮೇರಿ ಆದ ಮೇಲೆ ಒಂದು ತಿರುವಿನಲ್ಲಿ ಮುಂದಿನ ಇಂಜಿನ್ ಕಂಡಿತು. ಹಿಂದೆ ಬ್ಯಾಂಕರ್ ಇಂಜಿನ್‌ಗಳು ತಳ್ಳುವ ಸದ್ದು ಬೋಗಿಯ ನೆಲದಲ್ಲಿ ಗುಂಯ್ ಅನ್ನುತ್ತಿತ್ತು. ಇಂಜಿನ್ನಿನ ಬೆನ್ನ ಮೇಲೆ ಬಿದ್ದ ಮಳೆ ಹಬೆಯಾಗಿ ಏಳುತ್ತಿತ್ತು. ಆ ಫೋಟೋ ಸ್ವಲ್ಪ ಅಲುಗಿದೆ. ಆದರೂ ನನ್ನ ಮನೆಯ ಗೋಡೆ ಮೇಲಿರುವುದು ಅದೇ.

ಯಾರ್ಕ್‌ನಲ್ಲಿ ಗೂಡ್ಸ್ ಗಾಡಿ ಎಳೆದುಕೊಂಡು ಬರುವ ಕ್ಲಾಸ್ 66 ಅಂದರೆ ಇಲ್ಲಿನ ಹಿರಿಯರಿಗೆ ಅಷ್ಟಕ್ಕಷ್ಟೆ. ಎಲ್ಲ ಕಡೆ ಸಿಗುತ್ತದೆ, ಹೊಸತೇನಿಲ್ಲ ಅನ್ನುತ್ತಾರೆ. ನನಗೆ ಮಾತ್ರ ಅದೇ ಬೇಕು. ಅದರೊಳಗೆ ಇರುವುದು ಅಮೆರಿಕದ ಇಎಂಡಿ ಕಂಪನಿಯ 710 ಮೋಟಾರು, ಹನ್ನೆರಡು ಸಿಲಿಂಡರಿನದು. ನಮ್ಮ ಗೂಡ್ಸ್ ಡೀಸೆಲ್ ಇಂಜಿನ್ ಡಬ್ಲ್ಯುಡಿಜಿ-4ರಲ್ಲಿ ಇರುವುದೂ ಅದೇ 710, ಹದಿನಾರು ಸಿಲಿಂಡರಿನದು. 1999ರ ಹೊತ್ತಿಗೆ ಭಾರತಕ್ಕೆ ಮೊದಲು ಬಂದ ಡಬ್ಲ್ಯುಡಿಜಿ-4ಗಳು ಸೇರಿದ್ದು ಹುಬ್ಬಳ್ಳಿ ಶೆಡ್ಡಿಗೆ.

ಕಳೆದ ಚಳಿಗಾಲದಲ್ಲಿ ಒಂದು 66 ಸಿಗ್ನಲ್‌ಗೆ ನಿಂತು ಹೊರಟಿತು. ಆ ಸದ್ದನ್ನು ಫೋನಿನಲ್ಲಿ ಹಿಡಿದು ಸೋದರಮಾವನಿಗೆ ಕಳಿಸಿದೆ. ಅವರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಫೋಟೋ ಕಳಿಸಿ ಪ್ರಯೋಜನವಿಲ್ಲ. ಹತ್ತೇ ನಿಮಿಷದಲ್ಲಿ ಫೋನ್ ಬಂತು.

"ಹುಬ್ಬಳ್ಳಿದಲ್ವೇನೋ ಇದು? ಯಾವಾಗ ಬಂದ್ಯೋ ಊರಿಗೆ?"