ಒಂದೂವರೆಗೆ ಬೀಗ, ಆಮೇಲೆ ಬಿಸಿಲು

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗೂ ಸರ್ಕಾರದ ಆದೇಶ ಬರುತ್ತದೆ. ಎರಡು ತಿಂಗಳು ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಅದರ ಬೆನ್ನಿಗೇ ಇನ್ನೊಂದು ಸಲಹೆ: ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಬರಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನೆತ್ತಿ ಸುಡುವ ಹೊತ್ತಿಗೆ ಸರಿಯಾಗಿ ಎಲ್ಲರನ್ನೂ ಹೊರಗೆ ಹಾಕಿ ಬೀಗ ಜಡಿಯುವುದಕ್ಕೆ ನಮ್ಮಲ್ಲಿ ಬೇಸಿಗೆ ರಿಯಾಯಿತಿ ಅಂತ ಹೆಸರು.

ಸಾಹೇಬರಿಗೇನು, ಎಸಿ ಕಾರಿದೆ. ದೂರದ ಹಳ್ಳಿಯಿಂದ ಪಿಂಚಣಿ ಕೇಳಲು ಬಂದ ಅಜ್ಜಿ ಬಸ್ಸಿಳಿದು, ಆಧಾರ್ ಜೆರಾಕ್ಸ್ ಮಾಡಿಸಿ, ಸಾಲಲ್ಲಿ ನಿಂತು ಕಿಟಕಿ ಮುಟ್ಟುವಷ್ಟರಲ್ಲಿ ಒಂದೂವರೆ.

"ಟೈಮ್ ಆತು ಯಮ್ಮಾ, ನಾಳಿ ಬಾ."

"ಎಷ್ಟಕ್ಕ ಬರ್ಲಿ ಯಪ್ಪಾ?"

"ಎಂಟಕ್ಕ."

"ನಮ್ಮೂರ ಬಸ್ಸ ಬಿಡೋದೇ ಒಂಬತ್ತಕ್ಕ."

"ಬಸ್ಸು ನಮ್ಮ ಇಲಾಖಿ ಅಲ್ಲ ಬಿಡು."

ಹಾಗಂತ ಅಜ್ಜಿ ನಿಂತಿರುವುದು ಬಿಸಿಗಾಳಿಯಲ್ಲಿ ಅಂತ ಅಂದುಕೊಳ್ಳಬೇಡಿ. ಬಯಲುಸೀಮೆಯಲ್ಲಿ ಬಿಸಿಗಾಳಿ ಅನ್ನಿಸಿಕೊಳ್ಳಬೇಕಾದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ 40 ಡಿಗ್ರಿ ಮುಟ್ಟಬೇಕು, ಜೊತೆಗೆ ಮಾಮೂಲಿಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಇಲ್ಲಿ ಮೇ ತಿಂಗಳ ಮಾಮೂಲಿಯೇ 40ರ ಆಸುಪಾಸು. ಹಾಗಾಗಿ 43ಕ್ಕೆ ತಲೆ ತಿರುಗಿ ಬಿದ್ದವರು ಸುಮ್ನೆ ಬಿಸಿಲಿಗೆ ಬಿದ್ದವರು. ಅಷ್ಟೂ ತಡೆಯದಿದ್ದರೆ ಹೇಗೆ, ಹುಟ್ಟಿ ಬೆಳೆದ ಊರಲ್ವಾ?

ದೆಹಲಿಯಲ್ಲೂ ಇದೇ ಧೈರ್ಯ. ವಿಪತ್ತು ಪರಿಹಾರಕ್ಕೆ ಕೇಂದ್ರ ಮಾಡಿಟ್ಟ ಪಟ್ಟಿಯಲ್ಲಿ ಶೀತಗಾಳಿ ಇತ್ತು, ಕೀಟದ ಹಾವಳಿಯೂ ಇತ್ತು, ಬಿಸಿಗಾಳಿ ಇರಲಿಲ್ಲ. ಸೇರಿಸಿ ಅಂತ ರಾಜ್ಯಗಳು ಕೇಳಿದಾಗ 15ನೇ ಹಣಕಾಸು ಆಯೋಗ ಪಟ್ಟಿ ಇರುವಷ್ಟೇ ಸಾಕು ಅಂದಿತು. ಚಳಿಗೆ ನಡುಗುವವನು ಕಣ್ಣಿಗೆ ಕಾಣುತ್ತಾನೆ, ಪಾಪ. ಬಿಸಿಲಿಗೆ ಸತ್ತವನ ಕಾಗದದಲ್ಲಿ ಹೃದಯಾಘಾತ ಅಂತಲೋ ಇನ್ನೇನೋ ಇರುತ್ತದೆ.

ಅಹಮದಾಬಾದಿನವರು 2010ರ ಬಿಸಿಲಲ್ಲಿ ಜನ ಸತ್ತ ಮೇಲೆ ಪಾಠ ಕಲಿತು, 2013ರಲ್ಲಿ ಬೇಸಿಗೆಗೆ ಅಂತಲೇ ಒಂದು ಯೋಜನೆ ಮಾಡಿದರು. ಮುನ್ನೆಚ್ಚರಿಕೆ, ಆಸ್ಪತ್ರೆಗೆ ತಯಾರಿ, ಕುಡಿಯುವ ನೀರು, ಎಲ್ಲ ಇತ್ತು. ನಮ್ಮವರೂ ಹಿಂದೆ ಬಿದ್ದಿಲ್ಲ. ಬಸ್ ನಿಲ್ದಾಣದ ಎದುರು ಅರವಟ್ಟಿಗೆ ಇಟ್ಟಿದ್ದಾರೆ. ಮೇಲೆ ಇಪ್ಪತ್ತು ಮುಖಗಳ ಫ್ಲೆಕ್ಸ್, ಕೆಳಗೆ ಎರಡು ಮಡಕೆ. ಉದ್ಘಾಟನೆಯ ದಿನ ನೀರಿತ್ತು, ಫೋಟೊದಲ್ಲಿ ಕಾಣುತ್ತದೆ. ಲೋಟ ಕಳುವಾಗದಿರಲಿ ಅಂತ ಗಟ್ಟಿ ಸರಪಳಿ ಬಿಗಿದಿದ್ದಾರೆ. ಇದುವರೆಗೂ ಕಳುವಾಗಿಲ್ಲ.