ಕಾಡಲ್ಲಿ ಕೇಳಿದ ದನದ ಗಂಟೆ

ಜೂನ್ ಕೊನೆಯಲ್ಲಿ ಮನೆಯವರೆಲ್ಲ ಕ್ಯಾಲಿಫೋರ್ನಿಯಾದ ಸ್ಟಾನಿಸ್ಲಾಸ್ ನ್ಯಾಷನಲ್ ಫಾರೆಸ್ಟ್‌ಗೆ ಹೋಗಿದ್ದೆವು. ಪೈನ್‌ಕ್ರೆಸ್ಟ್ ಕೆರೆ ದಾಟಿ, ಹೆದ್ದಾರಿ 108ರಲ್ಲಿ ಇನ್ನಷ್ಟು ಮೇಲೆ ಹತ್ತಿ ಕಾರು ನಿಲ್ಲಿಸಿದೆವು. ಮೊದಲು ಕಿವಿಗೆ ಬಿದ್ದದ್ದು ಗಂಟೆ ಸದ್ದು. ಮರಗಳ ನಡುವಿನ ಹುಲ್ಲುಗಾವಲಲ್ಲಿ ದನ ಮೇಯುತ್ತಿದ್ದವು. ಶಿರಸಿ ಕಡೆ ಹುಟ್ಟಿದ ನನಗೆ ಎದೆ ತುಂಬಿ ಬಂತು.

ಇಲ್ಲಿ ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಪಕ್ಕದ ಯೊಸೆಮಿಟಿ ಅನ್ನೋದು ಪಾರ್ಕ್. ಈ ಫಾರೆಸ್ಟ್ ಇರುವುದು ಕೃಷಿ ಇಲಾಖೆಯ ಕೈಲಿ. ಸುತ್ತಾಟ, ಮೇವು, ಮರಮಟ್ಟು, ನೀರು, ಕಾಡುಪ್ರಾಣಿ ಮತ್ತು ಮೀನು, ಇಷ್ಟಕ್ಕೂ ಕಾಡು ಒದಗಬೇಕು, ಆದರೆ ಅದರ ಶಕ್ತಿ ಕುಂದಬಾರದು ಅಂತ 1960ರಲ್ಲೇ ಕಾನೂನಾಗಿದೆ. ದನ ಬಿಡೋಕೂ ಪರ್ಮಿಟ್ ಬೇಕು. ಎಷ್ಟು ದನ, ಎಷ್ಟು ತಿಂಗಳು ಅಂತ ಲೆಕ್ಕ ಇರುತ್ತದೆ.

ಸ್ವಲ್ಪ ಮುಂದೆ ಒಬ್ಬ ಅಜ್ಜ ಒಣಗಿ ಬಿದ್ದ ಪೈನ್ ಮರ ಕೊಯ್ದು ಪಿಕಪ್‌ಗೆ ತುಂಬುತ್ತಿದ್ದರು. ಕೇಳಿದ್ದಕ್ಕೆ ಜೇಬಿನಿಂದ ಪರ್ಮಿಟ್ ತೆಗೆದು ತೋರಿಸಿದರು. ಚಳಿಗಾಲದ ಸೌದೆ ಅದು. ಪಕ್ಕದಲ್ಲಿದ್ದ ಹಸಿ ಮರಕ್ಕೆ ಗರಗಸ ತಾಗದ ಹಾಗೆ ಎಷ್ಟು ಜೋಪಾನವಾಗಿ ಕೊಯ್ಯುತ್ತಿದ್ದರು ಗೊತ್ತಾ!

ನಮ್ಮ ಸೊಪ್ಪಿನಬೆಟ್ಟ ನೆನಪಾಯಿತು. ಜಾಗ ಸರ್ಕಾರದ್ದು, ಸೊಪ್ಪು-ದರಕಿನ (ಉದುರಿದ ಒಣ ಎಲೆಯ) ಹಕ್ಕು ಅಡಿಕೆ ತೋಟದವರದ್ದು. ಬೇಸಿಗೆಯಲ್ಲಿ ಅಮ್ಮ ದರಕು ಗುಡಿಸಿ ಹೆಡಿಗೆಯಲ್ಲಿ ಹೊತ್ತು ತರುತ್ತಿದ್ದಳು. ಅದನ್ನು ಕೊಟ್ಟಿಗೆಗೆ ಹಾಸಿದರೆ ಮುಂದೆ ತೋಟಕ್ಕೆ ಗೊಬ್ಬರ. ಸೊಪ್ಪು ಕಡಿಯುವಾಗ ಮುರುಗಲು ಮರಕ್ಕೆ ಕತ್ತಿ ತಾಗಿದರೆ ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು. ಬೆಟ್ಟಕ್ಕೆ ಬೆಂಕಿ ಬಿತ್ತು ಅಂದರೆ ಊರೇ ಹಸಿ ಸೊಪ್ಪು ಹಿಡಿದು ಓಡುತ್ತಿತ್ತು. ಯಾರೂ ಹೇಳಿ ಕಳಿಸಬೇಕಿರಲಿಲ್ಲ. ಆ ಬೆಟ್ಟ ಇಲ್ಲದೆ ನಮ್ಮ ತೋಟ ಇರಲಿಲ್ಲ, ಅಷ್ಟೇ.

ಅದಕ್ಕೇ ನನಗೆ ಕಾಡು ಅಂದರೆ ಬೇಲಿ ಹಾಕಿ ಜನರನ್ನು ಹೊರಗಿಡಬೇಕು ಅನ್ನುವ ಮಾತು ಪೂರ್ತಿ ಒಪ್ಪಿಗೆಯಾಗಲ್ಲ. ಹುಲಿ, ಆನೆಗಳಿಗೆ ಜನರ ಕಾಟ ಇಲ್ಲದ ಕಾಡು ಬೇಕು, ನಿಜ. ಆದರೆ ಎಲ್ಲ ಕಾಡೂ ಹಾಗೇ ಆದರೆ ಅದಕ್ಕೆ ಬೆಂಕಿ ಬಿದ್ದಾಗ ಓಡಿ ಬರುವವರು ಯಾರು? ಹಾಗಂತ ಬೇಕಾದಷ್ಟು ಬಾಚಿಕೊಳ್ಳಿ ಅಂತಲೂ ಹೇಳುತ್ತಿಲ್ಲ. ಎರಡನೇ ಮಹಾಯುದ್ಧದ ನಂತರ ಈ ಅಮೆರಿಕದ ಕಾಡುಗಳಲ್ಲೇ ನಾಟಾಕ್ಕಾಗಿ ಗುಡ್ಡಗುಡ್ಡವನ್ನೇ ಬೋಳಿಸಿದ್ದರು. ಜನ ಕೋರ್ಟಿಗೆ ಹೋಗಿ ಜಗಳ ಆಡಿದ ಮೇಲೆ, 1990ರ ದಶಕದಲ್ಲಿ ಕಡಿತ ತುಂಬಾ ಇಳಿಯಿತು. ನಮ್ಮೂರ ಕಡೆಯೂ ದರಕು ಜಾಸ್ತಿ ಬಾಚಿ, ಗಿಡ ಏಳೋಕೆ ಬಿಡದೆ ಬೋಳಾದ ಬೆಟ್ಟಗಳಿವೆ.

ಯೊಸೆಮಿಟಿಗೆ ಹೋಗುವ ಕನ್ನಡಿಗರೇ, ಒಂದು ದಿನ ಈ ಕಡೆಗೂ ಬನ್ನಿ. ಜೆಫ್ರಿ ಪೈನ್ ಅನ್ನುವ ಜಾತಿಯ ಮರದ ತೊಗಟೆಯ ಸೀಳಿಗೆ ಮೂಗಿಟ್ಟು ನೋಡಿ. ಬಿಸಿಲು ಬಿದ್ದಿದ್ದರೆ ಥೇಟ್ ವೆನಿಲಾ ಪರಿಮಳ. ನನ್ನ ಮಗಳು ಒಂದು ಮರವನ್ನೂ ಬಿಡಲಿಲ್ಲ.